ಒಂದು ಕಾಳು, ಒಂದು ಗುಂಜಿ

ಹಟ್ಟಿ ಕ್ಯಾಂಪಿನ ನಮ್ಮ ಸಾಲಿನ್ಯಾಗ
ಮುಂಜಾನೆ ಏಳೂದು ಚಹಾದ ವಾಸನಿ, ಒಗ್ಗರಣಿ ವಾಸನಿ.
ನಮ್ಮನ್ಯಾಗಿಂದು ಬ್ಯಾರೆ.
ಮೊದಲ ದಿನ ಬಾಜೂಮನಿ ಖಾಸಿಂಬಿ ಓಡಿ ಬಂದಿದ್ಲು:
"ಅಮರಮ್ಮಾ, ಏನೋ ಸುಟ್ಟೈತಿ ನೋಡ."

ಸುಟ್ಟಿದ್ದು ಇವರ ಗ್ರ್ಯಾಚುಯಿಟಿ, ಅಂದ್ಲು ಅಮರಮ್ಮ.

ಬೆಲಿ ಕೇಳಬ್ಯಾಡ್ರಿ.
ಕಾಫಿ ಇಳಿಸೂ ಮಶೀನಿಗಿಂತ
ಕಾಳು ಬೀಸೂದಕ್ಕ ಹೆಚ್ಚು ಕೊಟ್ಟೀನಿ, ತಿಳದೇ ಕೊಟ್ಟೀನಿ.
ಅಂಗಡಿಯವ ತಿರುವುಮುರುವು ಹೇಳಿದ್ದ:
ಹೊಳಿಯೂ ಡಬ್ಬಿ ದೊಡ್ಡದಿರಲಿ, ಬೀಸೂದು ಸಣ್ಣದು ಸಾಕು.
ಬಾಲ್ ಮಿಲ್ಲಿನ್ಯಾಗ ಇಪ್ಪತ್ತಾರು ವರ್ಷ ನಿಂತವಗ
ಹೇಳೂ ಮಾತೇನು ಅದು?
ಕಲ್ಲು ನುಣ್ಣಗಾಗದ ಬಂಗಾರ ಬಿಡೂದಿಲ್ಲ.
ತೊಟ್ಟಿ, ಮದ್ದು, ಬೆಂಕಿ,
ಎಲ್ಲಾ ಆಮ್ಯಾಲಿನ ಮಾತು.

ತಕ್ಕಡಿ ಲಿಂಗಸೂಗೂರಿನ ಮೌನೇಶ ಪತ್ತಾರಂದು.
ಅರ್ಧ ರೇಟಿಗೆ ಕೊಟ್ಟು, ಕಣ್ಣು ಸಣ್ಣ ಮಾಡಿ ಕೇಳಿದ,
"ಈಗೇನು ತೂಗ್ತೀಪಾ? ಗಣಿಯಾಗಿದ್ದಾಗ ಏನೂ ತರಲಿಲ್ಲ."
ಖರೇ. ನನ್ನ ಕಣ್ಣ ಮುಂದ ಪುಡಿಯಾದ ಗುಡ್ಡದಾಗಿಂದ
ಗುಲಗಂಜಿಯಷ್ಟೂ ಮನಿಗೆ ಬಂದಿಲ್ಲ.
ಈಗ ದಿನಾ ಹದಿನೆಂಟು ಗ್ರಾಂ ತೂಗತೀನಿ.
ಮುಳ್ಳಿಲ್ಲದ ತಕ್ಕಡಿ ಹದಿನೇಳು ಮುಕ್ಕಾಲಿಗೆ ನಿಂತರ
ಇನ್ನೆರಡು ಕಾಳು.
ಹುರಿದ ಕಾಳು ಒಂದು
ಹೆಚ್ಚೂಕಡಿಮಿ ಒಂದು ಗುಂಜಿ.

ಹುರಿದ ತಾರೀಖಿಲ್ಲದ ಪಾಕೀಟು ಮುಟ್ಟೂದಿಲ್ಲ.
ಮೂರು ದಿನಕ್ಕ ಒಡದರ ಬರೇ ನೊರಿ, ಹತ್ತು ದಿನ ತಾಳಬೇಕು.
ತಾಳಿ ಕುಂತರ ಮ್ಯಾಲೆ ನಮ್ಮ ಮೇ ತಿಂಗಳು:
ಕಾಳಿನ ಎಣ್ಣಿ ಹೊರಗ ಬಂದು ಕಮಟು ಹಿಡೀತೈತಿ.
ಅದಕ್ಕ ಸಣ್ಣ ಬಾಟ್ಲಿಯೊಳಗ ತುಂಬಿ
ಬರ್ಫಿನ ಖಾನೆಯಾಗ, ಹಸಿ ಬಟಾಣಿ ಬಾಜೂಕ.
ಒಂದ್ಸಲ ಬಟಾಣಿ ಅಂತ ಪಲಾವಿಗೆ ಸುರುವಿದ್ಲು.
ಆ ಪಲಾವಿನ ಮಾತು ನಮ್ಮನ್ಯಾಗ ಯಾರೂ ಆಡೂದಿಲ್ಲ.

ಬೋರಿನ ನೀರು ಹಾಕಿ ಮೊದಲನೇ ಮಶೀನು ಕೊಂದೀನಿ.
ಬಿಚ್ಚಿದ ದಸ್ತಗೀರ
ಬಿಳೇ ಹಳಕು ಒಂದು ಬೊಗಸಿ ನನ್ನ ಕೈಯಾಗಿಟ್ಟ:
"ದೀಪಾವಳಿಗೆ ಗೋಡಿಗೆ ಬಳೀರಿ, ಸಾಹೇಬ್ರ."

ಈಗೆಲ್ಲಾ ಸರಿ ಐತಿ, ಕಿವಿ ಒಂದು ಬಿಟ್ಟು.
ಕಿವಿ ಮಿಲ್ಲಿನ್ಯಾಗ ಉಳೀತು.
ಪಂಪು ಕೀರಲು ದನಿಯಿಂದ ದಪ್ಪ ದನಿಗೆ ಇಳೀತೈತಂತ,
ಪುಡಿ ನೀರಿಗೆ ಎದಿ ಕೊಟ್ಟಾಗ. ನನಗೆರಡೂ ಒಂದೇ ಗುಂಯ್.
ಕಣ್ಣಿಲೆ ಕಾಯತಿದ್ದೆ. ಧಾರಿ ಶ್ಯಾವಿಗಿ ಎಳಿಯಂಗ ಸಣ್ಣಾಗಿ
ಬೆಳ್ಳಗಾದದ್ದು ಕಾಣೂದ್ರಾಗ
ಹೊತ್ತು ಮೀರಿರತಿತ್ತು.

ಒಂದಿನ, ರೊಟ್ಟಿ ಬಡಿಯಾಕಿ
ಹೊಳ್ಳಿ ನೋಡದೇ ಅಂದ್ಲು, ನನಗ ಕೇಳೂವಂಗ ಒದರಿ,
"ಉರುಟ ಬಿತ್ತು ಇವತ್ತ."
ಏನು?
"ಬೀಸಿದ್ದು. ಸಪ್ಪಳ ಬ್ಯಾರೆ ಐತಿ."
ನಾ ನಂಬಲಿಲ್ಲ. ಬಟನ್ ಒತ್ತಿದೆ.
ಹದಿನಾಲ್ಕು ಸೆಕೆಂಡಿಗೆ ಕಪ್ಪು ತುಂಬಿತು, ಹುಣಸೀ ನೀರು.
ಎರಡು ಗೆರಿ ಬಿಗಿ ಮಾಡಿದೆ.
ಮರುದಿನ ಅಂದದ್ದು ಬರೇ, "ಹ್ಞೂಂ."

ಅವತ್ತಿಂದ ಗಡಿಯಾರ ನೋಡೂದು ಬಿಟ್ಟೀನಿ.
ಕಡಪಾ ಕಲ್ಲಿನ ಕಟ್ಟಿ ಒಂದೇ:
ಆ ತುದಿಗೆ ಅಕಿ, ಈ ತುದಿಗೆ ಮಶೀನು.
ಅಂಗೈ ಕಲ್ಲಿನ ಮ್ಯಾಲೆ ಊರಿ ನಿಂತಿರತೀನಿ.
ರೊಟ್ಟಿ ಬಡಿಯೂ ನಡುಕ ಕಲ್ಲಿನ್ಯಾಗ ಹರದು ಬರತೈತಿ,
ಟಪ ಟಪ ಟಪ,
ಅದು ನಿಂತದ್ದೇ ಬಟನ್ ಬಿಡತೀನಿ.
ರೊಟ್ಟಿ ಒಂದೊಂದ್ಸಲ ಅರ್ಧಕ್ಕೇ ಉಳೀತೈತಿ. ಕಾಫಿ ಕೆಟ್ಟಿಲ್ಲ.

ಅಕಿ ಕುಡಿಯೂದು ಚಹಾನೇ.
ಒಮ್ಮೆ ಬೆರಳದ್ದಿ ನೆಕ್ಕಿ, ಕಪ್ಪಿನೊಳಗ ಇಣುಕಿ ಕೇಳಿದ್ಲು,
"ಇಷ್ಟು ಗದ್ಲಕ್ಕ ಇಷ್ಟೇ ಏನು?"
ಒಂದು ಟನ್ ಕಲ್ಲಿಗೆ ಎಷ್ಟು ಬರತಿತ್ತು
ಅಂತ ಹೇಳಾಕ ಹೋದೆ.
ಗೊತ್ತೈತಿ ಅನ್ನೂವಂಗ ಕೈ ಬೀಸಿದ್ಲು.

ಚರಟ ಬಿಲ್ಲಿಯಂಗ ಬಿತ್ತು. ಕರಿಬೇವಿನ ಬುಡಕ್ಕ ಒಯ್ದು ಒಡದೆ.
ಬೇಲಿಯಾಚೆ, ಅರದು ಬಿಟ್ಟ ಕಲ್ಲಿನ ಬೂದಿಗುಡ್ಡ
ಬಿಸಿಲಿಗೆ ಹೊಳೀತಿತ್ತು.

ಸೈರನ್ ಆತೇನು?

ಆಗ್ಲೇ ಆತು, ಅಂದ್ಲು ಒಳಗಿಂದ.
ಬಾಗಲಕ್ಕ ಬಂದು ಇನ್ನೊಮ್ಮೆ ಅಂದ್ಲು.