ಏಳನೇ ನಂಬರ್ ಮೇಜು

ಸೋಗಾನೆ ಬಯಲಲ್ಲಿ ವಿಮಾನ ಪ್ರದರ್ಶನ.
ಪಾಲಿಕೆಗೂ ಒಂದು ಮೇಜು ಕೊಟ್ಟಿದ್ದಾರೆ:
ಆ ಕಡೆ ಐಸ್‌ಕ್ರೀಮು, ಈ ಕಡೆ ಆಟದ ಹೆಲಿಕಾಪ್ಟರು,
ನಡುವೆ ನಾನು, ವಾಲ್ವ್‌ಮನ್ ಹಾಲಸ್ವಾಮಿ,
ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಖಾಕಿಯಲ್ಲಿ.

‘ನಿಮ್ಮೂರ ಕೆಲಸ ನಿಮ್ಮ ಕೈಯಲ್ಲಿ’
ಅನ್ನುತ್ತದೆ ಬ್ಯಾನರು.
ಕರಪತ್ರ ಹಾರದಿರಲೆಂದು
ನನ್ನ ವಾಲ್ವಿನ ಕೀಲಿಯನ್ನೇ ಅಡ್ಡ ಹಾಕಿದ್ದೇನೆ,
ಮೂರಡಿ ಕಬ್ಬಿಣ.

ವಿಮಾನ ಬಂದರೆ ಊರಿಗೆ ಊರೇ ಕತ್ತೆತ್ತುತ್ತದೆ.
ಮೇಜಿನ ಕಡೆ ಯಾರು ನೋಡುತ್ತಾರೆ?
ಇಪ್ಪತ್ತೆರಡು ವರ್ಷ ನೆಲ ನೋಡಿಯೇ ನಡೆದವನು;
ಗೋಪಾಳದಲ್ಲಿ ಎಷ್ಟು ಮುಚ್ಚಳ, ಯಾವುದರಡಿ ಹಾವು,
ಕೇಳಿ, ಹೇಳುತ್ತೇನೆ.
ಕೇಳಲಿಲ್ಲ.
ಒಬ್ಬರು ಶೌಚಾಲಯ ಎಲ್ಲಿ ಅಂದರು.
ಇನ್ನೊಬ್ಬರು ನಿಂತು ಬೈದರು,
ವಿನೋಬನಗರಕ್ಕೆ ಮೂರು ದಿನದಿಂದ ನೀರಿಲ್ಲವಂತೆ.
ಕರಪತ್ರದ ಬೆನ್ನಿಗೇ ಬರೆದುಕೊಂಡೆ.

ಆಮೇಲೆ ಒಬ್ಬ ಹುಡುಗಿ, ಶಾಹಿದಾ.
ಐಟಿಐ, ಫಿಟ್ಟರ್, ಎರಡನೇ ವರ್ಷ.
ಸಂಬಳ ಕೇಳಲಿಲ್ಲ, ಪರ್ಮನೆಂಟಾ ಅಂತಲೂ ಇಲ್ಲ.
“ಮಣ್ಣೊಳಗೆ ಪೈಪು ಎಲ್ಲಿ ಸೋರ್ತಿದೆ ಅಂತ
ಹೆಂಗೆ ಗೊತ್ತಾಗುತ್ತೆ?”

ಕೀಲಿ ಎತ್ತಿ ಒಂದು ತುದಿ ನೆಲಕ್ಕೂರಿದೆ,
ಇನ್ನೊಂದಕ್ಕೆ ಕಿವಿ ಕೊಡು ಅಂದೆ.
ಕರಪತ್ರಗಳು ಹಾರಿದವು.
ಹಾರಲಿ.

ತಲೆಯ ಮೇಲೆ ಮೂರು ವಿಮಾನ
ಬಣ್ಣದ ಹೊಗೆ ಎಳೆಯುತ್ತಿದ್ದವು.
ಅಷ್ಟು ದೊಡ್ಡ ಬಯಲಲ್ಲಿ
ಬಗ್ಗಿದ್ದವಳು ಅವಳೊಬ್ಬಳೇ,
ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿ.

“ಇಲ್ಲಿ ನಮ್ಮ ಲೈನಿಲ್ಲಮ್ಮ,
ಸುಮ್ನೆ ತೋರಿಸ್ದೆ” ಅಂದೆ.
“ಶ್...” ಅಂದಳು ಶಾಹಿದಾ,
“ತಡೀರಿ, ಏನೋ ಗುಡುಗುಡು ಅಂತಿದೆ.”