ಕನಿಷ್ಠ ಬೇಕಾದದ್ದು

ಗುರುವಾರ ಸಂಜೆ ಬಂತು ಪಟ್ಟಿ,
ಗಂಡಿನ ಕಡೆಯವರು ಕಳಿಸಿದ ಹಾಗೆ:
ರ‍್ಯಾಮು ಹದಿನಾರು, ಕಾರ್ಡು ಎಂಟು ಜಿಬಿಯದು,
ಹಳೇ ಡಿಸ್ಕು ನಡೆಯೋದಿಲ್ಲ.
ಕೆಳಗೆ ಸಣ್ಣಕ್ಷರದಲ್ಲಿ, ಇದು ಕನಿಷ್ಠ.
‘ನಮಗೇನೂ ಬೇಡ, ನಿಮ್ಮ ಹುಡುಗಿಗೆ ನೀವು ಹಾಕೋದು ಹಾಕಿ’
ಅಂದಿದ್ದರಲ್ಲ ನಮ್ಮಪ್ಪನಿಗೆ ಬೀಗರು,
ಅದೇ ದನಿ.

ಚಿಂತಾಮಣಿಯ ಜೋಡಿ ರಸ್ತೆಯಿಂದ ಒಳಗೆ,
ಹಿಟ್ಟಿನ ಗಿರಣಿಯ ಪಕ್ಕ ನನ್ನ ಅಂಗಡಿ.
ಹಗಲು ಪಹಣಿ, ಜಾತಿ ಸರ್ಟಿಫಿಕೇಟು, ಆಧಾರಿನ ಜೆರಾಕ್ಸು.
ಆರು ಗಂಟೆಯಾದ ಮೇಲೆ
ನಾಲ್ಕು ಕಂಪ್ಯೂಟರು, ಐದು ಹುಡುಗರು,
ಗಂಟೆಗೆ ಇಪ್ಪತ್ತೈದು.
ಗಿರಣಿ ನಿಲ್ಲುವ ತನಕ
ಬಂದೂಕಿನ ಸದ್ದು ಯಾವುದು, ರಾಗಿಯ ಸದ್ದು ಯಾವುದು, ತಿಳಿಯೋದಿಲ್ಲ.
ಕೀಲಿಮಣೆಯ ಸಂದಿಯಲ್ಲಿ ಹಿಟ್ಟು.
ದಿನಾ ಒರೆಸುತ್ತೇನೆ.

‘ಎಷ್ಟು ದೊಡ್ಡದೋ?’ ಅಂದೆ.
‘ತೊಂಬತ್ತನಾಲ್ಕು ಜಿಬಿ ಅಕ್ಕಾ’ ಅಂದ ಅಫ್ನಾನ್,
ತಾನೇ ಬೆಳೆದ ಕುಂಬಳಕಾಯಿಯ ತೂಕ ಹೇಳಿದಂತೆ.
‘ಅಂಥಾದ್ದೇನಂತೆ ಅದರಲ್ಲಿ?’
ಚಲಪತಿ ಓದಿ ಹೇಳಿದ:
ಹುಲ್ಲು ಇನ್ನು ಎಸಳು ಎಸಳಾಗಿ ಬಾಗುತ್ತಂತೆ,
ಕುದುರೆ ಬೆವರಿದರೆ ಕುತ್ತಿಗೆ ಹೊಳೆಯುತ್ತಂತೆ,
ಮಳೆ ನಿಂತ ಮೇಲೆ ಗುಂಡಿಯ ನೀರಲ್ಲಿ
ಇಡೀ ಕೋಟೆ ತಲೆಕೆಳಗಾಗಿ ಕಾಣುತ್ತಂತೆ.
ಆಮೇಲೆ, ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ.

ಜಾಗ ಮಾಡಬೇಕಲ್ಲ.
ನೆಂಟರು ಬಂದರೆ ಅಕ್ಕಿ ಮೂಟೆ ಪಡಸಾಲೆಗೆ ತಳ್ಳಿ
ಚಾಪೆ ಹಾಸುವ ಹಾಗೆ
ಒಂದೊಂದೇ ಹೊರಹಾಕುತ್ತ ಕೂತೆ.
ಎರಡು ಹಳೇ ಕಾರಿನ ಆಟ. ಒಂದು ಕ್ರಿಕೆಟ್ಟು.
ಯಾರದೋ ಲಗ್ನದ ವಿಡಿಯೊ,
ಸೀಡಿ ಮಾಡಿಕೊಡಿ ಅಂತ ಕೊಟ್ಟು ತಿರುಗಿ ಬಾರದವರು.
‘ಇರಲಿ’ ಅಂತ ಹೆಸರಿಟ್ಟ ಫೋಲ್ಡರು, ಆರು ವರ್ಷದ ಸ್ಕ್ಯಾನು:
ಪಿಳ್ಳಪ್ಪನ ಹೆಬ್ಬೆಟ್ಟು,
ಮುರುಗಮಲ್ಲದ ಬೀಬಿಜಾನರ ಫೋಟೊ ಎಂಟು ಸಲ,
ಎಂಟು ಸಲವೂ ಕಣ್ಣು ಮುಚ್ಚಿದ್ದು.
ಎಲ್ಲ ಸೇರಿ ಮೂರು ಜಿಬಿ ಇಲ್ಲ.
ಅಷ್ಟು ಜನ ಕೂಡಿದರೂ
ಒಂದು ಕುದುರೆಯ ಬೆವರಿನಷ್ಟು ಭಾರವಿಲ್ಲ.
ಅಳಿಸಲಿಲ್ಲ.
ನನ್ನ ಸಿನಿಮಾಗಳನ್ನು ಅಳಿಸಿದೆ.

ಮೂರು ರಾತ್ರಿ ಇಳಿಯಿತು.
ಮೊದಲ ರಾತ್ರಿ ಮೂವತ್ತೊಂದು ಪರ್ಸೆಂಟು.
ಎರಡನೇ ರಾತ್ರಿ ಒಂದು ಗಂಟೆಗೆ ಕರೆಂಟು ಹೋಗಿ ನಾಲ್ಕಕ್ಕೆ ಬಂತು,
ಯುಪಿಎಸ್ಸು ಹತ್ತು ನಿಮಿಷ ಕೂಗಿ ಸುಮ್ಮನಾಯಿತು.
ಶನಿವಾರ ಶೆಟರಿನ ಕೆಳಗಿಂದ ಐದು ತಲೆ:
‘ಎಷ್ಟಾಯ್ತಕ್ಕಾ?’
ಹೆರಿಗೆ ವಾರ್ಡಿನ ಹೊರಗೆ ನಿಂತವರ ಹಾಗೆ.
ತೊಂಬತ್ತೇಳಕ್ಕೆ ಬಂದು ಎರಡು ತಾಸು ನಿಂತಿತ್ತು.
ಪೊರಕೆ ಹಿಡಿದು ನಾನೂ ನಿಂತಿದ್ದೆ.

ಭಾನುವಾರ ತೆರೆದರೆ
ಫ್ಯಾನು ಬಾಯಿಬಿಟ್ಟಿತು,
ಕಲ್ಲು ತುಂಬಿ ದಿಬ್ಬ ಹತ್ತುವ ಹಳೇ ಲಾರಿ.
ಕೋಟೆ ಬಂತು, ನಿಂತಿತು.
ಕುದುರೆ ಒಂದು ಕಾಲೆತ್ತಿ
ಹಾಗೇ.

ಆಗ ಆಂಜಿನಪ್ಪನ ಮಗ ಗಗನ್, ಮಾತೇ ಆಡದವನು,
ಸೆಟಿಂಗ್ಸಿಗೆ ಹೋಗಿ ಕೂತ.
ಹುಲ್ಲು, ಬೇಡ. ಬೆವರು, ಬೇಡ.
ನೀರಲ್ಲಿ ಕೋಟೆ, ಬೇಡ.
ನೆರಳು, ಬೇಡವೇ ಬೇಡ.
ಮೂರು ರಾತ್ರಿ ಕಾದು ತಂದದ್ದನ್ನೆಲ್ಲ
ಮೂರು ನಿಮಿಷದಲ್ಲಿ ಆರಿಸಿದ.
ಉಳಿದದ್ದು ಮುದ್ದೆಯಂಥ ಬೆಟ್ಟ, ಗೋಣಿ ಬಣ್ಣದ ಆಕಾಶ,
ಮುಖ ಸರಿಯಾಗಿ ಮೂಡದ, ನೆರಳಿಲ್ಲದ ನಾಲ್ಕು ಸವಾರರು,
ಹಿಂದೆ ನಿಂತು ಬೈಯುವ ಐದನೆಯವನು.
ಓಡಿದವು ನೋಡಿ ಕುದುರೆ!
‘ಎಡಕ್ಕೆ, ಎಡಕ್ಕೆ ಲೇ, ಎಡ ಅಂದ್ರೆ ಯಾವ್ದು ನಿಂಗೆ!’
ಗಿರಣಿಯವನು ಬೆಲ್ಟು ನಿಲ್ಲಿಸಿ ಬಂದು ನೋಡಿದ,
ಮೀಸೆ ತುಂಬ ಹಿಟ್ಟು.

ಅವರು ಹೋದ ಮೇಲೆ ಪುಸ್ತಕ ತೆಗೆದೆ.
ಗಗನ್, ಹದಿನೈದು ರೂಪಾಯಿ ಬಾಕಿ. ಹೊಡೆದುಹಾಕಿದೆ.
ಪರದೆಯ ಮೂಲೆಯಲ್ಲಿ ಆಗಲೇ ಇನ್ನೊಂದು ಪುಟ್ಟ ಚೀಟಿ,
ಹೊಸದು ಬಂದಿದೆಯಂತೆ, ಹನ್ನೆರಡು ಜಿಬಿ.
‘ಆಮೇಲೆ ನೆನಪಿಸಿ’ ಒತ್ತಿ,
ಶೆಟರು ಎಳೆದು
ಬೀಗ ಹಾಕಿದೆ.