ಬಾಕಿ

ಮೆಜೆಸ್ಟಿಕ್ಕಿನ ಶೌಚಾಲಯದ ಗೋಡೆಗೆ ಹಳದಿ ಚೀಟಿ:
'ಪುರುಷರೇ, ಚಿಂತೆ ಬಿಡಿ.
ಪ್ರತಿ ಮಂಗಳವಾರ, ಲಾಡ್ಜು, ರೂಮ್ ನಂಬರ್ ಹನ್ನೊಂದು.'
ಎರಡು ಮಂಗಳವಾರ ಹೋದೆ.
ಮೂರು ಸಾವಿರಕ್ಕೆ ಒಂದು ಡಬ್ಬಿ ಲೇಹ್ಯ,
ಎದೆಯುರಿ ಪುಕ್ಕಟೆ.

ದಿನವಿಡೀ 'ಒಳಗ್ ಹೋಗ್ರೀ' ಎಂದು ಕೂಗುವ ನನಗೆ
ಜಯನಗರದ ಆಸ್ಪತ್ರೆಯಲ್ಲಿ ಗಂಟಲೇ ಇಲ್ಲ.
ಚಿಲ್ಲರೆ ಬಾಕಿ ಬರೆಯುವ ಹಾಗೆ
ಟಿಕೆಟ್ಟಿನ ಹಿಂದೆ ಒಂದು ಸಾಲು ಗೀಚಿ ಚಾಚಿದೆ.

ಡಾಕ್ಟರಮ್ಮ ನಗಲಿಲ್ಲ.
ಬಾಗಿಲು ಮುಂದೆ ಮಾಡಿ, ನೆಗಡಿ ವಿಚಾರಿಸಿದಷ್ಟೇ ಸಲೀಸಾಗಿ:
'ಎಷ್ಟು ದಿನದಿಂದ? ನಿದ್ದೆ? ಸಕ್ಕರೆ ನೋಡಿಸಿದ್ರಾ?'
ಆಮೇಲೆ,
'ಮನೆಯವರಿಗೆ ಹೇಳಿದ್ರಾ?'

ರಾತ್ರಿ ಕೊನೇ ಟ್ರಿಪ್ಪು ಇಳಿಸಿ
ರಕ್ತಪರೀಕ್ಷೆಯ ಚೀಟಿ ಪುಟ್ಟತಾಯಿಗೆ ಕೊಟ್ಟೆ.
ಓದಿದಳು. ಇನ್ನೊಮ್ಮೆ ಓದಿದಳು.
'ನಾನೇ ಬೇಡವಾದೆನೇನೋ ಅಂತಿದ್ದೆ,
ಒಂದೂವರೆ ವರ್ಷ,'
ಅಂದಳು, ಸಾರು ಬಿಸಿಗಿಡುತ್ತ.